ಡಬ್ಬ ಕೇಳಿತು, ಇವರು ಹೂಂ ಅಂದರು

ವತ್ಸಲಾ ಮೇಡಂಗೆ ಆ ಭಾನುವಾರ ಬಂದಂಥ ಸಿಟ್ಟು ಅವರ ಇಡೀ ಸರ್ವೀಸಿನಲ್ಲೇ ಬಂದಿರಲಿಲ್ಲ. ಸರ್ಕಾರಿ ಕಾರ್ಖಾನೆಯೊಂದರ ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಕಾರಿಡಾರಿನ ಆ ತುದಿಯಲ್ಲಿ ಅವರ ಚಪ್ಪಲಿ ಸದ್ದಾದರೆ ಈ ತುದಿಯ ತರಗತಿಯಲ್ಲಿ ಮಕ್ಕಳು ತಾವಾಗಿಯೇ ಪುಸ್ತಕ ತೆರೆಯುತ್ತಿದ್ದರು. (ಒಮ್ಮೆ ತಪಾಸಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಾಹೇಬರೂ ತೆರೆದಿದ್ದರಂತೆ.) ಅಂಥವರ ಸಿಟ್ಟಿಗೆ ಅವತ್ತು ಗುರಿಯಾದದ್ದು ಒಂದು ಕಂಪ್ಯೂಟರು ಮತ್ತು ಒಬ್ಬ ಗಂಡ. ಕಂಪ್ಯೂಟರಿಗೆ ಕಿವಿ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರಿಂದ ದೊಡ್ಡ ಪಾಲು ಗಂಡನಿಗೇ ಬಂತು.

ಗಂಡ ಅಂದರೆ ದ್ವಾರಕಾನಾಥರು. ಅದೇ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಸಾಮಾನು ರಿಜೆಕ್ಟ್ ಮಾಡುತ್ತಿದ್ದ ಆಸಾಮಿ, ಮನೆಯಲ್ಲಿ ಮಾತ್ರ ಬಡಿಸಿದ್ದನ್ನೆಲ್ಲ ಪಾಸ್ ಮಾಡಿಕೊಂಡು ಬಂದಿದ್ದರು. ಅವರು ಪಟ್ಟಂದೂರು ಅಗ್ರಹಾರದ ಹತ್ತಿರ ಸೈಟು ತಗೊಂಡಾಗ ಸುತ್ತ ರಾಗಿ ಹೊಲ ಇತ್ತು. ಈಗ ಹಿತ್ತಿಲ ಗೋಡೆಯಾಚೆ ಐಟಿ ಪಾರ್ಕಿನ ಗಾಜಿನ ಕಟ್ಟಡ ನಿಂತಿದೆ. ಮಧ್ಯಾಹ್ನದ ಮೇಲೆ ಆ ಗಾಜಿಗೆ ಬಡಿದ ಬಿಸಿಲು ನೇರವಾಗಿ ಇವರ ಅಡುಗೆಮನೆಗೆ ಬೀಳುತ್ತದೆ. ಮಾಹಿತಿ ತಂತ್ರಜ್ಞಾನದಿಂದ ವತ್ಸಲಾ ಮೇಡಂಗೆ ಅಲ್ಲಿವರೆಗೆ ಆಗಿದ್ದ ಒಂದೇ ಉಪಕಾರ ಅಂದರೆ ಸಂಡಿಗೆ ಬೇಗ ಒಣಗುತ್ತಿದ್ದದ್ದು.

ನಿವೃತ್ತಿಯಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಚಂದಾಪುರದಲ್ಲಿ ದೃಷ್ಟಿ ಇಲ್ಲದ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ ಇತ್ತು. ಅಲ್ಲಿನ ಟೀಚರ್ ವೇಣಿ ಕೇಳಿಕೊಂಡಿದ್ದಕ್ಕೆ, ಆ ಮಕ್ಕಳ ಪಾಠಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಹತ್ತನೇ ಕ್ಲಾಸಿನವರಿಗೆ ಸಮಾಜ ಪರೀಕ್ಷೆ. ಕೊನೆಯ ಪಾಠ 'ಗ್ರಾಹಕ ಸಂರಕ್ಷಣೆ' ಭಾನುವಾರ ಸಂಜೆಯೊಳಗೆ ಹಾಸ್ಟೆಲ್ ಮುಟ್ಟಬೇಕಿತ್ತು. ಮುಕ್ಕಾಲು ಪಾಠ ಆಗಿತ್ತು, ಕೊನೆಯ ಎರಡು ಪುಟ ಬಾಕಿ. "ಗ್ರಾಹಕನಿಗೆ ತನಗೆ ಬೇಕಾದ ವಸ್ತುವನ್ನು ಆರಿಸಿಕೊಳ್ಳುವ, ಬೇಡವಾದದ್ದನ್ನು ನಿರಾಕರಿಸುವ ಹಕ್ಕಿದೆ" ಅಂತ ಓದಿ ಮುಗಿಸಿ, ಒಲೆ ಮೇಲಿನ ಹುಳಿ ನೋಡಲು ಎದ್ದರು.

"ರೀ, ಒಂದ್ ನಿಮಿಷ ಇಲ್ಲಿ ಕೂತಿರಿ. ಬೆಕ್ಕು ಬಂದು ಕೀಬೋರ್ಡ್ ತುಳಿಯುತ್ತೆ."

ಬೆಕ್ಕು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿ ಇತ್ತು.

ಬಂದದ್ದು ಆ ಚೌಕ. ತಿಂಗಳುಗಳಿಂದ ಅದು ಪರದೆಯ ಮೂಲೆಯಲ್ಲಿ ಇಣುಕಿ ಇಣುಕಿ ಮೇಡಂ ಪ್ರಾಣ ತಿನ್ನುತ್ತಿತ್ತು. 'ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ. ದಯವಿಟ್ಟು ಹೊಸದಕ್ಕೆ ಅಪ್‌ಗ್ರೇಡ್ ಆಗಿ.' ಕೆಳಗೆ ಎರಡು ಗುಂಡಿ. ಒಂದು 'ಈಗಲೇ', ಇನ್ನೊಂದು 'ಆಮೇಲೆ'. ಬೇಡ ಅನ್ನುವ ಗುಂಡಿಯೇ ಇಲ್ಲ! ಮದುವೆಮನೆಯಲ್ಲಿ ಬಡಿಸುವವರು ಕೂಡ ಎಲೆ ಮೇಲೆ ಕೈ ಅಡ್ಡ ಹಿಡಿದರೆ ಮುಂದಕ್ಕೆ ಹೋಗುತ್ತಾರೆ. ಇದು ಹೋಗುತ್ತಿರಲಿಲ್ಲ. ಮೇಡಂ ದಿನಾ ಹಲ್ಲು ಕಚ್ಚಿ 'ಆಮೇಲೆ' ಒತ್ತುತ್ತಿದ್ದರು, ಪಾತ್ರೆ ಮಾರಲು ಬಂದವನನ್ನು ಗೇಟಿನಿಂದಲೇ ಸಾಗಹಾಕುವ ಹಾಗೆ.

ಹುಳಿಗೆ ಒಗ್ಗರಣೆ ಹಾಕಿ ವಾಪಸ್ ಬಂದರೆ ಪರದೆ ಪೂರ್ತಿ ನೀಲಿ. ಮಧ್ಯೆ ಚುಕ್ಕಿಗಳು ಗಾಣದೆತ್ತಿನ ಹಾಗೆ ಗಿರಗಿರ ತಿರುಗುತ್ತಿವೆ. ಕೆಳಗೆ ಅಪ್ಪಣೆ: 'ಕೆಲಸ ನಡೆಯುತ್ತಿದೆ. ಕಂಪ್ಯೂಟರ್ ಆಫ್ ಮಾಡಬೇಡಿ.' ಮುಂದೆ ದ್ವಾರಕಾನಾಥರು ಕೈಕಟ್ಟಿ, ಹೋಮಕುಂಡದ ಮುಂದೆ ಕೂತ ಯಜಮಾನರ ಹಾಗೆ ಕೂತಿದ್ದಾರೆ.

"ಏನ್ರೀ ಇದು?"

"ಅದೇನೋ ಅಪ್‌ಗ್ರೇಡ್ ಅಂತೆ ಕಣೇ. ಕೇಳ್ತು."

"ಕೇಳ್ತು?"

"ಹೂಂ ಅಂದೆ."

ಒಂದು ಕ್ಷಣ ಅಡುಗೆಮನೆಯಲ್ಲಿ ಹುಳಿ ಕುದಿಯುವ ಸದ್ದು ಬಿಟ್ಟರೆ ಮನೆ ನಿಶ್ಶಬ್ದ. ಆಮೇಲೆ ಹುಳಿಯ ಸದ್ದು ಕೇಳಿಸಲಿಲ್ಲ.

"ಹೂಂ ಅಂದ್ರಾ! ಸಿಂಕಿನ ನಲ್ಲಿ ಸೋರುತ್ತೆ, ಬದಲಾಯಿಸ್ರೀ ಅಂತ ದಸರಾದಿಂದ ಕೇಳ್ತಿದೀನಿ, ಹೂಂ ಅಂದ್ರಾ? ಬನಿಯನ್ನಲ್ಲಿ ಗೇಟಿನ ಹತ್ರ ನಿಲ್ಲಬೇಡಿ, ಐಟಿ ಹುಡುಗೀರು ಓಡಾಡ್ತಾರೆ ಅಂತ ಬಾಯಿ ಬಡ್ಕೊಂಡೆ, ಹೂಂ ಅಂದ್ರಾ? ಧರ್ಮಸ್ಥಳಕ್ಕೆ ಹೋಗಿಬರೋಣ ಅಂದೆ, ಮೊಣಕಾಲು ನೋವು ಅಂದ್ರಿ. ಕಟ್ಕೊಂಡ ಹೆಂಡ್ತಿ ಜನ್ಮವಿಡೀ ಕೇಳಿದ್ದಕ್ಕೆ ಹೂಂ ಅನ್ನದವರು, ಆ ಡಬ್ಬ ಒಂದ್ಸಲ ಕೇಳಿದ್ದಕ್ಕೆ ಹೂಂ ಅಂದ್ಬಿಟ್ರಾ?"

"ಅದು 'ದಯವಿಟ್ಟು' ಅಂದಿತ್ತು ಕಣೇ," ಅಂದರು ದ್ವಾರಕಾನಾಥರು.

ಈ ಮಾತು ಅವರು ಆಡಬಾರದಿತ್ತು. ಆಡಿದರು. ಅದರ ಪರಿಣಾಮವನ್ನು ಎದುರುಮನೆಯವರೂ ಅನುಭವಿಸಿದರು. ಎದುರುಮನೆಯ ಹುಡುಗಿ ಶರಣ್ಯ, ಐಟಿ ಪಾರ್ಕಿನಲ್ಲೇ ಯಾವುದೋ ಕಂಪನಿಯಲ್ಲಿ ಕೆಲಸ. ಗಲಾಟೆ ಕೇಳಿ ಗೇಟಿಗೆ ಬಂದಿದ್ದಳು. ಅವಳ ಕೆಲಸವೇ ಪರದೆ ಮೇಲಿನ ಗುಂಡಿ ಎಲ್ಲಿರಬೇಕು, ಯಾವ ಬಣ್ಣ ಇರಬೇಕು ಅಂತ ನಿರ್ಧರಿಸುವುದು ಅನ್ನುವುದು ವತ್ಸಲಾ ಮೇಡಂಗೆ ನೆನಪಾಯಿತು. ಬೀದಿಗಿಳಿದೇ ಬಿಟ್ಟರು.

"ಶರಣ್ಯಾ, ನೀನೇ ಹೇಳು. 'ಬೇಡ' ಅಂತ ಒಂದು ಗುಂಡಿ ಇಡೋಕೆ ನಿಮಗೆಲ್ಲಾ ಏನು ರೋಗ?"

"ಆಂಟಿ, 'ಬೇಡ' ಅಂತ ಇಟ್ರೆ ಎಲ್ಲರೂ ಅದನ್ನೇ ಒತ್ತುತ್ತಾರಲ್ಲ," ಅಂದಳು ಆ ಹುಡುಗಿ, ಬಹಳ ಪ್ರಾಮಾಣಿಕವಾಗಿ.

ಮೇಡಂ ಎರಡೂ ಕೈ ತಲೆ ಮೇಲಿಟ್ಟುಕೊಂಡು ಒಳಗೆ ಬಂದರು. ನೂರಕ್ಕೆ ಮೂವತ್ತು ಅಂತ ತೋರಿಸುತ್ತಿದ್ದ ಪರದೆ ಊಟ ಮುಗಿದರೂ ಮೂವತ್ತರಲ್ಲೇ ಇತ್ತು. (ಊಟ ಅಂದರೆ ದ್ವಾರಕಾನಾಥರದು. ಮೇಡಂ ಬೈಯುವುದರಲ್ಲಿದ್ದರು.) "ಮೂವತ್ತಕ್ಕೆ ನಾನು ಯಾವ ಮಗೂನೂ ಪಾಸ್ ಮಾಡಿದವಳಲ್ಲ! ಫೇಲ್ ಆಗಿ ಹಾಳಾಗಿ ಹೋಗು!" ಅಂತ ಪರದೆಗೆ ಕೂಗಿದರು. ಅಪ್‌ಗ್ರೇಡು ನಾಚಿಕೊಂಡು ಮೂವತ್ತೊಂದಾಯಿತು.

"ಬೈದ್ರೆ ಓಡುತ್ತೆ ಅನ್ಸುತ್ತೆ," ಅಂದರು ದ್ವಾರಕಾನಾಥರು. "ಇನ್ನೊಂದ್ಸಲ ಬೈಯಿ ನೋಡೋಣ."

ಮೇಡಂ ಬೈದರು, ಆದರೆ ಪರದೆಗಲ್ಲ.

ಮಹಡಿ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವನು ಋಷಿಕೇಶ್. ಅವನೂ ಗಾಜಿನ ಕಟ್ಟಡದವನೇ. ಭಾನುವಾರದ ಮಧ್ಯಾಹ್ನ ಅವನಿಗೆ ಬೆಳಗಿನ ಜಾವ. ಮೇಡಂ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ್ದಕ್ಕೆ ಚಡ್ಡಿಯಲ್ಲೇ ಕಾಫಿ ಲೋಟ ಹಿಡಿದುಕೊಂಡು ಇಳಿದುಬಂದ. ಪರದೆ ನೋಡಿದ. ತಲೆ ಕೆರೆದುಕೊಂಡ.

"ಸ್ಟಕ್ ಆಗಿದೆ ಆಂಟಿ."

"ಅದು ನನಗೂ ಕಾಣ್ತಿದೆಯಪ್ಪ. ಏನು ಮಾಡಬೇಕು?"

"ನಮ್ಮ ಆಫೀಸಲ್ಲಿ ಹಿಂಗಾದ್ರೆ ನಾವು ಟಿಕೆಟ್ ರೈಸ್ ಮಾಡ್ತೀವಿ."

"ಯಾವ ಊರಿಗೆ?"

"ಊರಿಗಲ್ಲ ಆಂಟಿ, ಕಂಪ್ಲೇಂಟು. ಟಿಕೆಟ್ ಹಾಕಿದ್ರೆ ಐಟಿಯವರು ಬಂದು ನೋಡ್ತಾರೆ."

"ಐಟಿಯವರು ಬಂದು ನೋಡ್ತಾರಾ? ಹಂಗಾದ್ರೆ ನೀನು ಯಾರಪ್ಪಾ?"

"ನಾನು ಕ್ಲೌಡು." ಋಷಿಕೇಶ್ ಮುಖದಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ಮೋಡ ಆಂಟಿ. ಈ ಥರ ಟೇಬಲ್ ಮೇಲಿರೋ ಕಂಪ್ಯೂಟರು ನನಗೆ ಟಚ್ಚೇ ಇಲ್ಲ."

"ನೋಡ್ರೀ!" ಮೇಡಂ ಗಂಡನ ಕಡೆ ತಿರುಗಿದರು. (ಯಾರ ಮೇಲೆ ಸಿಟ್ಟು ಬಂದರೂ ಅವರು ಕೊನೆಗೆ ಆ ಕಡೆಗೇ ತಿರುಗುತ್ತಿದ್ದರು. ರೂಢಿ.) "ಮೂಗಿನ ಕೆಳಗೆ ಲಕ್ಷ ಜನ ಕಂಪ್ಯೂಟರ್ ಎಂಜಿನಿಯರುಗಳು. ಇವರ ಬಸ್ಸುಗಳಿಂದ ನಮಗೆ ರಸ್ತೆ ದಾಟೋಕಾಗಲ್ಲ. ಇವರ ಬಾಯಾರಿಕೆಗೆ ನಮ್ಮ ಬೋರ್‌ವೆಲ್ ಒಣಗಿಹೋಯ್ತು. ಒಬ್ಬರಿಗೆ, ಒಬ್ಬರೇ ಒಬ್ಬರಿಗೂ ಕಂಪ್ಯೂಟರ್ ರಿಪೇರಿ ಬರಲ್ಲ! ಒಬ್ಬಳು ಗುಂಡಿ, ಇವನು ಮೋಡ!"

ಋಷಿಕೇಶ್ ಮೆಲ್ಲಗೆ ಮೆಟ್ಟಿಲು ಹತ್ತಿದ. ಮೋಡ ತೇಲಿಹೋಯಿತು.

ಆಗ ಕರೆಂಟು ಹೋಯಿತು.

ಕಂಪ್ಯೂಟರಿಗೆ ಸಣ್ಣದೊಂದು ಬ್ಯಾಟರಿ ಪೆಟ್ಟಿಗೆ ಜೋಡಿಸಿದ್ದರಿಂದ ಅದು ತಕ್ಷಣ ಆರಲಿಲ್ಲ. ಪೆಟ್ಟಿಗೆ ಮಾತ್ರ ಹಸಿದ ಕೂಸಿನ ಹಾಗೆ 'ಕೀಂ ಕೀಂ' ಅಂತ ಅಳಲು ಶುರು ಮಾಡಿತು. 'ಆಫ್ ಮಾಡಬೇಡಿ' ಅಂತ ಪರದೆ, 'ಆಫ್ ಆಗ್ತೀನಿ' ಅಂತ ಪೆಟ್ಟಿಗೆ. ನಡುವೆ ವತ್ಸಲಾ ಮೇಡಂ. ಸಿಟ್ಟು ಒಂದು ಕ್ಷಣ ಬದಿಗೆ ಸರಿದು, ಅದರ ಹಿಂದೆ ಅಡಗಿ ಕೂತಿದ್ದ ಭಯ ಕಾಣಿಸಿತು. ಅಷ್ಟು ದಿನ ಓದಿದ ಪಾಠಗಳೆಲ್ಲ ಒಳಗಿವೆ. ಮುಖ್ಯವಾಗಿ ಇವತ್ತಿನದು. ಹಾಸ್ಟೆಲಿನಲ್ಲಿ ಆ ಹುಡುಗಿಯರು ಮೊಬೈಲ್ ಸುತ್ತ ಗುಂಪಾಗಿ ಕೂತು ಕಾಯುತ್ತಿರುತ್ತಾರೆ. ಉಳಿದ ಮಕ್ಕಳ ಹಾಗೆ ಪಕ್ಕದ ಮನೆಯಿಂದ ಪುಸ್ತಕ ಕಡ ತಂದು ಓದಿಕೊಳ್ಳುವಂತಿಲ್ಲ ಅವರು.

ಅಷ್ಟರಲ್ಲಿ ಗಂಡ ಪಂಚಾಂಗ ಹಿಡಿದು ಬಗ್ಗಿ ಬ್ಯಾಟರಿ ಪೆಟ್ಟಿಗೆಗೆ ಗಾಳಿ ಹಾಕುತ್ತಿರುವುದು ಕಂಡಿತು. ಭಯ ಹೋಗಿ ಸಿಟ್ಟು ತನ್ನ ಜಾಗಕ್ಕೆ ವಾಪಸ್ ಬಂತು.

"ಗಾಳಿ ಹಾಕಿದ್ರೆ ಏನ್ರೀ ಬರುತ್ತೆ ಅದಕ್ಕೆ? ಕರೆಂಟ್ ಬರುತ್ತಾ?"

"ಬಿಸಿಯಾಗಿದೆ ಕಣೇ, ಪಾಪ."

"ನಾನೂ ಬಿಸಿಯಾಗಿದೀನಿ! ಬೆಳಿಗ್ಗೆಯಿಂದ!"

ದ್ವಾರಕಾನಾಥರು ಕೂಡಲೇ ಪಂಚಾಂಗವನ್ನು ಹೆಂಡತಿಯ ಕಡೆ ತಿರುಗಿಸಿ ನಾಲ್ಕು ಸಲ ಬೀಸಿದರು. ಅದಕ್ಕೂ ಬೈಸಿಕೊಂಡರು. ಪುಣ್ಯಕ್ಕೆ ಪೆಟ್ಟಿಗೆಯ ಜೀವ ಹೋಗುವ ಮೊದಲೇ ಕರೆಂಟು ಬಂತು.

ಇನ್ನು ಇದನ್ನು ನಂಬಿ ಕೂತರೆ ಆಗುವುದಿಲ್ಲ, ಪೂರ್ತಿ ಪಾಠ ಮೊದಲಿಂದ ಫೋನಿನಲ್ಲೇ ಓದಿಬಿಡುತ್ತೇನೆ ಅಂತ ಮೇಡಂ ತಮ್ಮ ಮೊಬೈಲ್ ತೆಗೆದರು. ಪುಟ ತಿರುಗಿಸಿ, ಗಂಟಲು ಸರಿಮಾಡಿಕೊಂಡು, 'ಗ್ರಾಹಕ' ಅನ್ನುವಷ್ಟರಲ್ಲಿ ಮೊಬೈಲು 'ಜಾಗ ಇಲ್ಲ' ಅಂದಿತು. ಯಾಕೆ ಜಾಗ ಇಲ್ಲ? ತೆರೆದು ನೋಡಿದರೆ ಗುಲಾಬಿ ಹೂವು, ಉದಯಿಸುವ ಸೂರ್ಯ, ಕಾಫಿ ಲೋಟ, ಎರಡು ಗಿಳಿ. ಪ್ರತಿಯೊಂದರ ಮೇಲೂ 'ಶುಭೋದಯ'. ದ್ವಾರಕಾನಾಥರ ಅಕ್ಕ, ಅಕ್ಕನ ಓರಗಿತ್ತಿ, ಆ ಓರಗಿತ್ತಿಯ ಬೀಗರು ದಿನವೂ ತಪ್ಪದೆ ಕಳಿಸಿದ ಮಂಗಳಕರ ಹಾರೈಕೆಗಳು ಸಾವಿರಗಟ್ಟಲೆ ಒಳಗೆ ಬಿಡಾರ ಹೂಡಿದ್ದವು.

"ನಿಮ್ಮ ಕಡೆಯೋರು ಮನೇಲೂ ಜಾಗ ಬಿಡಲ್ಲ, ಫೋನಲ್ಲೂ ಜಾಗ ಬಿಡಲ್ಲ!"

"ನನ್ನ ಫೋನ್ ಕೊಡ್ಲಾ?" ಅಂತ ದ್ವಾರಕಾನಾಥರು ಜೇಬಿನಿಂದ ತೆಗೆದು ಚಾಚಿದರು. ಅದು ಗುಂಡಿ ಒತ್ತುವ ಪುಟಾಣಿ ಫೋನು. ಅದರಲ್ಲಿ ಟಾರ್ಚ್ ಇತ್ತು, ಎಫ್ಎಮ್ ಇತ್ತು. ಮೇಡಂ ಅದನ್ನು ನೋಡಿದ ರೀತಿಗೆ ಅದು ತಾನಾಗಿಯೇ ಜೇಬಿಗೆ ವಾಪಸ್ ಹೋಯಿತು.

ಸೋಫಾದಲ್ಲಿ ಕೂತು ಗಿಳಿಗಳನ್ನು ಒಂದೊಂದಾಗಿ ಅಳಿಸುತ್ತ, ಅಳಿಸಿದ ಒಂದೊಂದು ಗಿಳಿಗೂ ಗಂಡನ ವಂಶದ ಒಬ್ಬೊಬ್ಬರನ್ನು ನೆನೆಯುತ್ತ ಮೇಡಂ ಇಳಿಹೊತ್ತು ಕಳೆದರು. ದನಿ ಅಲ್ಲಲ್ಲಿ ಬಿರುಕು ಬಿಡುತ್ತಿತ್ತು. ದ್ವಾರಕಾನಾಥರು ಬಿಸಿನೀರಿಗೆ ಮೆಣಸಿನಪುಡಿ ಬೆರೆಸಿ ತಂದರು.

"ಗಂಟಲಿಗೆ ಒಳ್ಳೇದು ಕಣೇ. ಬೆಳಿಗ್ಗೆಯಿಂದ ಒಂದೇ ಸಮ..."

"ನನ್ನ ಗಂಟಲಿಗೆ ಏನಾಗಿದೆ? ನಿಮ್ಮ ಥರ ಕಡೆಗಾಲದಲ್ಲಿ ಮಾತು ಕಲಿತವಳಾ ನಾನು? ದಿನಕ್ಕೆ ಏಳು ಪೀರಿಯಡ್ ತಗೊಂಡ ಗಂಟಲು ಇದು!"

ದ್ವಾರಕಾನಾಥರು ಆ ನೀರನ್ನು ತಾವೇ ಕುಡಿದರು.

ಅಷ್ಟರಲ್ಲಿ ಒಳಕೋಣೆಯಿಂದ 'ಢಣ್' ಅಂತ ಸದ್ದು. ಇಬ್ಬರೂ ಓಡಿದರು. ಪರದೆಯಲ್ಲಿ ಬೆಟ್ಟ, ಕೆರೆ, ಮೇಲೆ ಬಿಳಿ ಅಕ್ಷರ: 'ಸ್ವಾಗತ! ನಾವು ನಿಮ್ಮನ್ನು ತಿಳಿದುಕೊಳ್ಳೋಣವೇ?'

"ನನ್ನ ಮನೇಲಿ, ನನ್ನ ಟೇಬಲ್ ಮೇಲೆ ಕೂತ್ಕೊಂಡು ನನಗೇ ಸ್ವಾಗತ ಹೇಳ್ತಿದೆ ನೋಡ್ರೀ ಇದು!"

ತಿಳಿದುಕೊಳ್ಳುವುದು ಅಂದರೆ ಅಷ್ಟಿಷ್ಟು ತಿಳಿದುಕೊಳ್ಳುವುದಲ್ಲ, ಹೆಣ್ಣು ನೋಡಲು ಬಂದವರ ಹಾಗೆ ಅದು ಪ್ರಶ್ನೆ ಕೇಳಿತು. ಹೆಸರು, ಹುಟ್ಟಿದ ದಿನ, ಊರು. ನೀವು ಎಲ್ಲಿಗೆ ಹೋಗುತ್ತೀರಿ ಅಂತ ನಾವು ನೋಡುತ್ತಿರಬಹುದೇ? ನಿಮ್ಮ ಮುಖ ತೋರಿಸುತ್ತೀರಾ? (ಮೇಡಂ ಮುಖ ತೋರಿಸಿದರು. 'ಗುರುತು ಸಿಗುತ್ತಿಲ್ಲ, ಮುಖ ಸಡಿಲಬಿಡಿ' ಅಂದಿತು. ಆ ಮುಖ ಆ ಹೊತ್ತಿಗೆ ಸಡಿಲ ಆಗುವ ಸ್ಥಿತಿಯಲ್ಲಿರಲಿಲ್ಲ.) ಗುಪ್ತಪದ ಕೊಡಿ ಅಂದಿತು. ಕೊಟ್ಟರು. ತೀರಾ ಸುಲಭ ಅಂದಿತು. ಕಷ್ಟದ್ದು ಕೊಟ್ಟರು. ಇನ್ನೊಮ್ಮೆ ಬರೆಯಿರಿ ಅಂದಿತು. ತಮಗೇ ಮರೆತುಹೋಗಿತ್ತು. ಕೊನೆಗೆ ನೀವು ಯಂತ್ರವಲ್ಲ, ಮನುಷ್ಯರೇ ಅಂತ ಸಾಬೀತು ಮಾಡಿ, ಈ ಚಿತ್ರಗಳಲ್ಲಿ ಬಸ್ಸು ಇರುವುದನ್ನೆಲ್ಲ ಆರಿಸಿ ಅಂದಿತು.

"ಮನುಷ್ಯಳು ಹೌದೋ ಅಲ್ವೋ ಅಂತ ನನ್ನ ಕೇಳುತ್ತಾ? ಇದು, ನನ್ನ!"

"ಈ ಮೂಲೇಲಿರೋದು ಬಸ್ಸಲ್ಲ ಕಣೇ, ಟೆಂಪೋ," ಅಂತ ದ್ವಾರಕಾನಾಥರು ಕನ್ನಡಕ ಏರಿಸಿ ಬಗ್ಗಿದರು. ಇನ್‌ಸ್ಪೆಕ್ಷನ್ನಿನಲ್ಲಿ ಅವರ ಕಣ್ಣು ಇನ್ನೂ ಚುರುಕಾಗಿತ್ತು. ಅವರ ಸಹಾಯದಿಂದಲೇ ಮೇಡಂ ಮನುಷ್ಯರಾಗಿ ಪಾಸಾದರು. ಈ ಉಪಕಾರವೂ ಅವರಿಗೆ ಸಹಿಸಲಾಗಲಿಲ್ಲ.

ಒಳಗೆ ಹೋಗಿ ನೋಡಿದರೆ ಎಲ್ಲ ಖಾಲಿ. ಬೆಟ್ಟ, ಕೆರೆ ಅಷ್ಟೇ. ಪಾಠಗಳಿದ್ದ ಫೋಲ್ಡರು ಇಲ್ಲ. ರೆಕಾರ್ಡಿಂಗ್ ತೆರೆದರೆ 'ಯಾವುದೇ ಮೈಕ್ ಕಂಡುಬಂದಿಲ್ಲ.' ಮೈಕು ಕಣ್ಣೆದುರು ಮೇಜಿನ ಮೇಲೆ ಕತ್ತು ಉದ್ದ ಮಾಡಿಕೊಂಡು ನಿಂತಿದೆ! ಮೇಡಂ ಅದನ್ನು ಕೈಯಲ್ಲಿ ಹಿಡಿದು ಪರದೆಗೆ ತೋರಿಸಿದರು. "ಕಣ್ಣಿಲ್ವಾ ನಿಂಗೆ? ಇದೇನಿದು, ಮೂಲಂಗಿನಾ?"

ಆಗ ಪರದೆಯ ಮೂಲೆಯಲ್ಲಿ ಒಂದು ದುಂಡನೆಯ ಬೆಳಕು ಮೂಡಿ, ಜೇನು ಸುರಿದ ಹಾಗೆ ಒಂದು ಹೆಣ್ಣುದನಿ ಮಾತಾಡಿತು. "ನಮಸ್ಕಾರ. ನಾನು ನಿಮ್ಮ ಹೊಸ ಸಹಾಯಕಿ. ಮೂಲಂಗಿಯಿಂದ ಮಾಡಬಹುದಾದ ಅಡುಗೆಗಳನ್ನು ಹೇಳಲೇ?"

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೂರು ಹೆಜ್ಜೆ ಮುಂದೆ ಬಂದರು.

"ನಿನ್ನ ಮುಖಕ್ಕೆ ಮಂಗಳಾರತಿ ಎತ್ತಾ!"

"ಮಂಗಳೂರಿಗೆ ದಾರಿ ಹುಡುಕುತ್ತಿದ್ದೇನೆ. ಸಿಲ್ಕ್ ಬೋರ್ಡ್ ಬಳಿ ವಾಹನ ದಟ್ಟಣೆ ಹೆಚ್ಚಾಗಿದೆ."

"ಹಾಳಾಗಿ ಹೋಗೇ!"

"ಹಾಲು. ನಿಮ್ಮ ಹತ್ತಿರದ ಹಾಲಿನ ಅಂಗಡಿ ಈಗ ತೆರೆದಿದೆ."

"ಬಾಯಿ ಮುಚ್ಚು!"

"ಕ್ಷಮಿಸಿ, ಆ ಹೆಸರಿನ ಹೋಟೆಲ್ ಸಿಗಲಿಲ್ಲ."

ಮನೆಯಲ್ಲಿ ತಮಗೆ ಹೀಗೆ ಮಾತಿಗೆ ಮಾತು ಕೊಟ್ಟವರನ್ನು ವತ್ಸಲಾ ಮೇಡಂ ಇದುವರೆಗೆ ಕಂಡಿರಲಿಲ್ಲ. ದ್ವಾರಕಾನಾಥರೂ ಕಂಡಿರಲಿಲ್ಲ. ಅವರು ಆ ದುಂಡನೆಯ ಬೆಳಕನ್ನು ಗೌರವದಿಂದ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಒಂದು ಮಾತು ಹೇಳಿದರು.

"ವತ್ಸಲಾ, ಮೈಕ್ ಇಲ್ಲ ಅಂತ ತಾನೇ ಅದು ಹೇಳಿದ್ದು? ಮೈಕ್ ಇಲ್ದೆ ನೀನು ಬೈದಿದ್ದು ಅದಕ್ಕೆ ಹೆಂಗೆ ಕೇಳಿಸ್ತು?"

ಮೇಡಂ ಮೈಕನ್ನು ಮತ್ತೆ ಮೇಜಿನ ಮೇಲಿಟ್ಟರು. ಮಾತಿನಲ್ಲಿ ಹುರುಳಿತ್ತು. ಗಂಡ ಆಡಿದ್ದರಿಂದ ಒಪ್ಪಲು ಹೊತ್ತು ಹಿಡಿಯಿತು. ಮೈಕು ಸರಿಯಾಗೇ ಇತ್ತು. ಆ ಸಹಾಯಕಿ ಅದನ್ನು ತಾನೇ ಹಿಡಿದುಕೊಂಡು ರೆಕಾರ್ಡಿಂಗಿಗೆ ಬಿಟ್ಟುಕೊಟ್ಟಿರಲಿಲ್ಲ. ಅವಳನ್ನು ಸುಮ್ಮನಾಗಿಸುವ ಗುಂಡಿಯನ್ನು ದ್ವಾರಕಾನಾಥರೇ ಹುಡುಕಿ ಒತ್ತಿದರು. (ಅಂಥದ್ದೊಂದು ಗುಂಡಿ ಲೋಕದಲ್ಲಿದೆ ಅನ್ನುವುದು ಅವರ ಮನಸ್ಸಿಗೆ ಬಹಳ ತಟ್ಟಿದಂತೆ ಕಂಡಿತು.) ರೆಕಾರ್ಡಿಂಗ್ ತೆರೆಯಿತು.

ಆದರೆ ಹಳೇ ಪಾಠಗಳು? ಹುಡುಕಿ ಹುಡುಕಿ ಒಂದು ಕಡೆ ಒಂದು ಸಾಲು ಸಿಕ್ಕಿತು: 'ನಿಮ್ಮ ಎಲ್ಲ ಕಡತಗಳನ್ನು ನಾವು ಮೋಡಕ್ಕೆ ಸಾಗಿಸಿದ್ದೇವೆ.'

ಮೋಡ!

ವತ್ಸಲಾ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದರು. ಮಹಡಿಯತ್ತ ಮುಖ ಎತ್ತಿದರು. ಸರ್ವೀಸಿನ ಅಷ್ಟೂ ವರ್ಷಗಳ ಪ್ರಾರ್ಥನಾ ಸಭೆಗಳಲ್ಲಿ ಮೈಕಿಲ್ಲದೆ ಮೈದಾನದ ಕೊನೆ ಸಾಲಿನವರನ್ನು ಬೆಚ್ಚಿಬೀಳಿಸಿದ ಆ ದನಿ, ತನ್ನಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ಹೊರಟಿತು.

"ಋಷಿಕೇಶಾ! ನಿನ್ನ ಮೋಡ ನನ್ನ ಪಾಠ ನುಂಗ್ಬಿಟ್ಟಿದೆ ಕಣೋ! ಇಳಿದು ಬಾರೋ ಕೆಳಗೆ!"

ಐಟಿ ಪಾರ್ಕಿನ ಗೇಟಿನಲ್ಲಿದ್ದ ಸೆಕ್ಯೂರಿಟಿಯವನು ಎದ್ದು ನಿಂತು ಸೆಲ್ಯೂಟ್ ಹೊಡೆದನಂತೆ. ಪಾರಿವಾಳಗಳು ಗಾಜಿನ ಕಟ್ಟಡ ಬಿಟ್ಟು ಹಾರಿದವು. ಋಷಿಕೇಶ್ ಬರಿಗಾಲಲ್ಲೇ ಎರಡೆರಡು ಮೆಟ್ಟಿಲು ಹಾರಿ ಬಂದ. ಈಗ ಮಾತ್ರ ಅವನಿಗೆ ಇದು ತನ್ನ ಕೆಲಸ ಅಲ್ಲ ಅನ್ನುವ ದಾರಿ ಇರಲಿಲ್ಲ. ಕುರ್ಚಿ ಎಳೆದುಕೊಂಡು, ಮೇಡಂ ಮೊಬೈಲಿಗೆ ಬಂದ ಅಂಕಿ ಕೇಳಿ ಹಾಕಿ, ಎಲ್ಲೆಲ್ಲೋ ಒತ್ತಿದ. ಕೊನೆಗೂ ಮೋಡ ಕರಗಿತು. ಪಾಠಗಳು ಒಂದರ ಹಿಂದೊಂದು ಟಪಟಪ ಉದುರಿದವು. ಕೊನೆಯಲ್ಲಿ 'ಗ್ರಾಹಕ ಸಂರಕ್ಷಣೆ', ಮುಕ್ಕಾಲು, ಇದ್ದ ಹಾಗೇ.

"ಎಲ್ಲಾ ಇದೆ ಆಂಟಿ. ಇನ್ನು ಆ ಎರಡು ಪೇಜ್ ಓದ್ಬಿಟ್ರೆ ನಾನೇ ಜೋಡಿಸಿ ಕಳಿಸ್ಬಿಡ್ತೀನಿ."

ಹೊರಗೆ ಬೀದಿದೀಪ ಹತ್ತುವ ಹೊತ್ತು. ವತ್ಸಲಾ ಮೇಡಂ ಮೈಕಿನ ಮುಂದೆ ಕೂತರು. ಪುಸ್ತಕ ತೆರೆದರು. ಬಾಯಿ ತೆರೆದರು.

"ಸ್ಸ್..."

ಇನ್ನೊಮ್ಮೆ ಪ್ರಯತ್ನಿಸಿದರು. "ಹ್ಹ್..." ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ. ದಿನಕ್ಕೆ ಏಳು ಪೀರಿಯಡ್ ತಗೊಂಡ ಗಂಟಲು ಅಂಗಳದಲ್ಲಿ ತನ್ನ ಕೊನೆಯ ಪೀರಿಯಡ್ ಮುಗಿಸಿ ಬಂದಿತ್ತು. ಬಿಸಿನೀರು ಕುಡಿದರು, ಜೇನುತುಪ್ಪ ನೆಕ್ಕಿದರು, ಶುಂಠಿ ಅಗಿದರು. ಏನೂ ಇಲ್ಲ. ಕಣ್ಣಲ್ಲಿ ನೀರು ತುಂಬಿತು. ಅದು ಶುಂಠಿಯ ಖಾರಕ್ಕೋ, ಕಾಯುತ್ತಿದ್ದ ಮಕ್ಕಳಿಗೋ, ಬೆಳಿಗ್ಗೆಯಿಂದ ತುಂಬಿದ ಸಿಟ್ಟು ಹೊರಹೋಗಲು ದಾರಿ ಇಲ್ಲದ್ದಕ್ಕೋ, ಹೇಳೋಣ ಅಂದರೆ ದನಿ ಇಲ್ಲ.

ದ್ವಾರಕಾನಾಥರು ಪುಸ್ತಕವನ್ನು ಮೆಲ್ಲಗೆ ಹೆಂಡತಿ ಕೈಯಿಂದ ತಗೊಂಡರು. "ಏಳು, ನಾನು ಓದ್ತೀನಿ."

ಮೇಡಂ ಬೇಡ ಅಂತ ತಲೆಯಾಡಿಸಿದರು. ಮಕ್ಕಳು ನೆನಪಾದರು. ಎದ್ದರು.

ದ್ವಾರಕಾನಾಥರು ಕೂತು, ಕನ್ನಡಕ ಒರೆಸಿ, ಓದಲು ಶುರು ಮಾಡಿದರು. "ವಂಚನೆಗೆ ಒಳಗಾದ ಗ್ರಾಹಕನು... ಎಲ್ಲಿ ದೂರು ನೀಡಬೇಕು?" ಕಾರ್ಖಾನೆಯಲ್ಲಿ ಅಳತೆ ಓದಿ ಹೇಳುತ್ತಿದ್ದ ಅದೇ ದನಿ. ಅವಸರ ಇಲ್ಲ, ಏರಿಳಿತ ಇಲ್ಲ. ಒಂದು ವಾಕ್ಯ ಮುಗಿದರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಮಧ್ಯದಲ್ಲಿ ಪುಸ್ತಕ ಕೆಳಗಿಟ್ಟು, "ಅಂದ್ರೆ ನೋಡಿ ಮಕ್ಕಳೇ, ನೀವೊಂದು ಮಿಕ್ಸಿ ತಗೊಂಡ್ರಿ ಅಂತ ಇಟ್ಕೊಳ್ಳಿ" ಅಂತ ತಮ್ಮದೇ ಒಂದು ಉದಾಹರಣೆ ಬೇರೆ ಸೇರಿಸಿದರು. ಪುಸ್ತಕದಲ್ಲಿ ಇಲ್ಲದ್ದು! ಮೇಡಂ ಹಿಂದೆ ನಿಂತು ಎರಡೂ ಕೈ ಬೀಸಿ 'ಬೇಡ, ಬೇಡ' ಅಂದರು. ದ್ವಾರಕಾನಾಥರು ಅದನ್ನು ಪ್ರೋತ್ಸಾಹ ಅಂದುಕೊಂಡು ಮಿಕ್ಸಿಯ ಮೋಟಾರು ಸುಟ್ಟುಹೋಗುವವರೆಗೆ ವಿವರಿಸಿದರು. ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರೂ ಮ​ಧ್ಯೆ ಬಾಯಿ ಹಾಕದೆ ಅವರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಮುಖದಲ್ಲಿ ಏನೋ ಒಂದು ಕಳೆ ಬಂದಿತ್ತು.

ಋಷಿಕೇಶ್ ಎರಡನ್ನೂ ಜೋಡಿಸಿ ಕಳಿಸಿಕೊಟ್ಟ. ಮೇಡಂ ಅವನಿಗೆ ಒಂದು ಬಟ್ಟಲು ಹುಳಿ ಅನ್ನ ಕೊಟ್ಟರು. ಆಂಟಿ ಇಷ್ಟು ಶಾಂತವಾಗಿ ಇರುವುದು ಕಂಡು ಅವನಿಗೆ ಇನ್ನೂ ಭಯವಾಗಿ, ಬಟ್ಟಲು ಹಿಡಿದುಕೊಂಡು ಮೇಲೆ ಓಡಿದ.

ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ವೇಣಿಯ ಫೋನು ಬಂತು. ದ್ವಾರಕಾನಾಥರು ಸ್ಪೀಕರಿಗೆ ಹಾಕಿದರು.

"ಮೇಡಂ, ಪಾಠ ಬಂತು, ತುಂಬಾ ಥ್ಯಾಂಕ್ಸ್."

"ಮೇಡಂಗೆ ಗಂಟಲು ಕಟ್ಟಿದೆ ಕಣಮ್ಮ. ನಾನು ಅವರ ಯಜಮಾನರು."

"ಅಯ್ಯೋ ಸಾರ್, ಕೊನೇ ಭಾಗ ಓದಿದ್ದು ನೀವೇನಾ? ದನಿ ಅದೇ ಇದೆ! ಸಾರ್, ಮಕ್ಕಳು ನಿಮ್ಮ ಭಾಗಾನೇ ತಿರುಗ ತಿರುಗ ಹಾಕಿಸ್ಕೊಂಡು ಕೇಳ್ತಿದಾರೆ. ಆ ಮಿಕ್ಸಿ ಕಥೆ ಅಂತೂ ಬಾಯಿಪಾಠ ಆಗಿದೆ ಎಲ್ಲರಿಗೂ."

"ಹೌದಾ?" ಅಂದರು ದ್ವಾರಕಾನಾಥರು. ಬಡಿಸುತ್ತಿದ್ದ ಮೇಡಂ ಕೈ ನಿಂತಿತು.

"ಮೇಡಂ ಓದೋದು ಚೆನ್ನಾಗೇ ಇರುತ್ತೆ ಸಾರ್. ತಪ್ಪು ತಿಳ್ಕೋಬೇಡಿ, ಆದ್ರೆ ಯಾವ ಪಾಠ ಆದ್ರೂ ಹೋಮ್‌ವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿದ ಹಂಗಿರುತ್ತೆ ಅಂತಾರೆ ಮಕ್ಕಳು. ಒಬ್ಬಳಂತೂ ಹೆದರ್ಕೊಂಡು ಎದ್ದು ನಿಂತ್ಕೊಂಡೇ ಕೇಳ್ತಾಳೆ. ನೀವು ಓದಿದ್ರೆ ಮನೇಲಿ ತಾತ ಕೂತು ಮಾತಾಡಿದ ಹಂಗಿದೆಯಂತೆ." ವೇಣಿ ಸ್ವಲ್ಪ ತಡೆದಳು. "ಸಾರ್, ರಜೆ ಮುಗಿದ ಮೇಲೆ ಪಿಯುಸಿ ಪುಸ್ತಕ ಶುರು ಮಾಡ್ತಿದೀವಿ. ಇನ್ಮುಂದೆ ಪೂರ್ತಿ ನೀವೇ ಓದಿಕೊಡ್ತೀರಾ? ಮೇಡಂಗೆ ಬೇಜಾರಾಗಲ್ಲ ಅಂದ್ರೆ ಮಾತ್ರ. ಅವರನ್ನ ಒಂದು ಮಾತು ಕೇಳಿ ಹೇಳಿ ಸಾರ್."

ದ್ವಾರಕಾನಾಥರು ತಿರುಗಿ ಹೆಂಡತಿಯನ್ನು ನೋಡಿದರು. ವತ್ಸಲಾ ಮೇಡಂ ಒಂದು ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಹುಬ್ಬು ಕೂದಲಿಗೆ ತಾಗಿತ್ತು. ಕತ್ತಿನ ನರ ಉಬ್ಬಿತ್ತು. ಬಾಯಿ ದೊಡ್ಡದಾಗಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗಾಳಿ ಬಂತು. ಸೌಟಿನಿಂದ ಹುಳಿ ಹನಿಯಿತು. ಮಾತು ಮಾತ್ರ ಒಂದೂ ಬರಲಿಲ್ಲ.

"ಕೇಳಿದೆ ಕಣಮ್ಮ," ಅಂದರು ದ್ವಾರಕಾನಾಥರು ಫೋನಿಗೆ. "ಒಂದು ಮಾತೂ ಎದುರಾಡಲಿಲ್ಲ."